ಸಿಲ್ವರ್ ಓಕ್ ಮರದ ಮೇಲೆ ಹೋದ ಕೇಬಲ್: ಕೊಡಗಿನ ಒಂದು ಲೋಕಲ್ ಚಾನೆಲ್‌ನ ಪ್ರಕರಣ

ಉತ್ತರ ಕೊಡಗಿನ ಒಂದು ಹೋಬಳಿ ಪೇಟೆ. ಅಲ್ಲೊಬ್ಬರು ಕೇಬಲ್ ಆಪರೇಟರ್. ಮೊದಲು ರೇಡಿಯೋ ರಿಪೇರಿ ಅಂಗಡಿ ಇತ್ತು, 1990ರ ದಶಕದ ಮಧ್ಯದಲ್ಲಿ ಡಿಶ್ ಹಾಕಿದರು. ಜೋರಾಗಿ ನಡೆದ ಕಾಲಕ್ಕೆ ಕೆಲವು ನೂರು ಮನೆಗಳಿಗೆ ಅವರ ವೈರ್ ಹೋಗುತ್ತಿತ್ತು. ಅದರ ಜೊತೆಗೇ ಒಂದು ಲೋಕಲ್ ಚಾನೆಲ್. ಈಗ ವೈರ್ ಇದೆ, ಮನೆಗಳು ಕಡಿಮೆಯಾಗಿವೆ. ಲೋಕಲ್ ಚಾನೆಲ್ ಮಾತ್ರ ಯಾವ ಕಾನೂನಿನ ಕೆಳಗೆ ನಿಲ್ಲಬೇಕು ಎಂದು ತಿಳಿಯದೆ ತೂಗಾಡುತ್ತಿದೆ. ಅವರ ಹೆಸರು, ಊರು ಇಲ್ಲಿ ಬೇಡ. ಇಂಥವರು ಜಿಲ್ಲೆಯಲ್ಲಿ ಒಬ್ಬರೇ ಅಲ್ಲ.

ಭಾರತದ ಟಿವಿ ಕಥೆ ಹೇಳುವಾಗ ದೂರದರ್ಶನವನ್ನು ಒಂದು ಕಡೆ, ಖಾಸಗಿ ವಾಹಿನಿಗಳನ್ನು ಇನ್ನೊಂದು ಕಡೆ ನಿಲ್ಲಿಸಿ ಕುಸ್ತಿ ಆಡಿಸುವುದು ರೂಢಿ. ಕೊಡಗಿನಲ್ಲಿ ನಿಂತು ನೋಡಿದರೆ ಇಬ್ಬರೂ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಹೊರಗಿನ ಚಿತ್ರವನ್ನು ಜಿಲ್ಲೆಯೊಳಗೆ ತಂದರು. ಜಿಲ್ಲೆಯ ಚಿತ್ರವನ್ನು ಜಿಲ್ಲೆಯವರಿಗೆ ದಿನಾ ತೋರಿಸಿದ್ದು ಈ ಇಬ್ಬರ ಪಟ್ಟಿಯಲ್ಲೂ ಇಲ್ಲದ ಕೇಬಲ್‌ನವರು. ಈ ಪ್ರಕರಣ ಬರೆಯಲು ಅದೇ ಕಾರಣ.

ಗುಡ್ಡ ಅಡ್ಡ ಬಂದ ಕಾಲ

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಕ್ಕೆಂದು ಟಿವಿ ಶುರುವಾದಾಗ ಅದು ಆಕಾಶವಾಣಿಯ ಒಂದು ಮೂಲೆಯ ಕೆಲಸವಾಗಿತ್ತು. ದಿನಾ ಪ್ರಸಾರ ಶುರುವಾಗಿದ್ದು 1965ರಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಅದಕ್ಕೆ ಸೈಟ್ ಪ್ರಯೋಗ ಅಂತ ಹೆಸರು. ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಕೊಡಗು ಅದರಲ್ಲಿ ಇರಲಿಲ್ಲ. 1976ರಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆಯಾಯಿತು. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಮರುವರ್ಷ ಏಷ್ಯನ್ ಗೇಮ್ಸ್ ನೆಪದಲ್ಲಿ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಮೇಲೆ ಹೋದ ನಂತರವೇ ದೇಶದ ತುಂಬ ಸಣ್ಣ ಮರುಪ್ರಸಾರ ಕೇಂದ್ರಗಳು ಏಳತೊಡಗಿದವು. 1984ರಲ್ಲಂತೂ ಹೆಚ್ಚುಕಡಿಮೆ ದಿನಕ್ಕೊಂದರಂತೆ ಎದ್ದವು.

ಆ ಸಣ್ಣ ಕೇಂದ್ರಗಳ ತಾಕತ್ತು ಮೊದಮೊದಲು ನೂರು ವ್ಯಾಟ್. ಬಯಲುಸೀಮೆಯಲ್ಲಿ ಇಷ್ಟು ಸಾಕು, ಹತ್ತು ಹನ್ನೆರಡು ಕಿಲೋಮೀಟರ್ ಸಲೀಸಾಗಿ ಹೋಗುತ್ತದೆ. ಕೊಡಗಿನಲ್ಲಿ ಲೆಕ್ಕ ಬೇರೆ. ಟಿವಿ ತರಂಗ ನೆಟ್ಟಗೆ ಹೋಗುವ ಜಾತಿಯದು, ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಜಿಲ್ಲೆಯ ತುದಿಯಲ್ಲಿ 1,748 ಮೀಟರ್‌ನ ತಡಿಯಂಡಮೋಳ್, ಇತ್ತ 1,712 ಮೀಟರ್‌ನ ಪುಷ್ಪಗಿರಿ. ನಡುವೆ ಒಂದು ಮನೆಗೊಂದು ಗುಡ್ಡ ಅನ್ನುವ ಹಾಗೆ ಏರಿಳಿತ. ಗುಡ್ಡದ ಈ ಮಗ್ಗುಲಿನ ಮನೆಗೆ ಕನ್ನಡಿಯಂಥ ಚಿತ್ರ, ಆ ಮಗ್ಗುಲಿನವರಿಗೆ ಬರೀ ಚುಕ್ಕಿ.

ಆಂಟೆನಾ ಕಟ್ಟುವುದು ಆಗ ಒಂದು ವಿದ್ಯೆಯೇ ಆಗಿತ್ತು. ಅಲ್ಯೂಮಿನಿಯಂ ಕಡ್ಡಿಗಳ ಯಾಗಿ ಆಂಟೆನಾ, ಅದಕ್ಕೆ ಮೂವತ್ತು ನಲವತ್ತು ಅಡಿ ಜಿಐ ಪೈಪು, ಮೂರು ಕಡೆ ತಂತಿ ಎಳೆದು ಕಟ್ಟಿದ ಗೂಟ, ತುದಿಯಲ್ಲಿ ಬೂಸ್ಟರ್. ಪೈಪು ಸಾಲದಿದ್ದರೆ ಎತ್ತರದ ಮರದ ತುದಿಗೆ. ಕೆಲವು ಮನೆಗಳಲ್ಲಿ ಆಂಟೆನಾ ಮನೆ ಮೇಲೆ ಇರುತ್ತಲೇ ಇರಲಿಲ್ಲ. ತೋಟದ ಏರಿನಲ್ಲಿ ಸಿಗ್ನಲ್ ಸಿಗುವ ಒಂದು ಜಾಗ ಹುಡುಕಿ ಅಲ್ಲಿ ನೆಟ್ಟು, ಕಾಫಿ ಗಿಡಗಳ ಮಧ್ಯೆ ವೈರ್ ಎಳೆದುಕೊಂಡು ಬರುತ್ತಿದ್ದರು. ವೈರ್ ಉದ್ದವಾದಷ್ಟೂ ಚಿತ್ರ ಸೊರಗುತ್ತಿತ್ತು. ಜೂನ್ ಬಂತೆಂದರೆ ಗಾಳಿಗೆ ಪೈಪು ತಿರುಗಿ, ವಾರ್ತೆ ಹೊತ್ತಿಗೆ ಯಾರಾದರೂ ಗೊರಬೆ ಹಾಕಿಕೊಂಡು ಏರು ಹತ್ತಲೇಬೇಕು. ನಮ್ಮ ಆಪರೇಟರ್ ಆ ಕಾಲದಲ್ಲಿ ಆಂಟೆನಾ ನೆಡುವವರು. ಯಾವ ಏರಿನಲ್ಲಿ ನಿಂತರೆ ಏನು ಸಿಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಮುಂದೆ ಅವರ ಧಂದೆಗೆ ಬಂಡವಾಳ ಆಗಿದ್ದು ದುಡ್ಡಿಗಿಂತ ಹೆಚ್ಚಾಗಿ ಈ ತಿಳಿವಳಿಕೆ.

ಇನ್ನೊಂದು ಮಾತು. ಮಡಿಕೇರಿಗೆ ಆಕಾಶವಾಣಿ ಕೇಂದ್ರ ಬಂತು. 103.1 ಎಫ್‌ಎಂನಲ್ಲಿ ಕನ್ನಡದ ಜೊತೆ ಕೊಡವ ತಕ್ಕ್ ಮತ್ತು ಅರೆಭಾಷೆ ಕೇಳಿಸಿತು. ರೇಡಿಯೋದವರು ಜಿಲ್ಲೆಯೊಳಗೇ ಕೂತು ಕಾರ್ಯಕ್ರಮ ಮಾಡಿದರು. ದೂರದರ್ಶನ ಕೊಡಗಿನಲ್ಲಿ ಮಾಡಿದ್ದು ಮರುಪ್ರಸಾರ ಮಾತ್ರ. ದೆಹಲಿ, ಬೆಂಗಳೂರಿನದನ್ನು ಹಿಡಿದು ಮತ್ತೆ ಬಿಡುವುದು. ಇಲ್ಲಿ ಒಂದು ಸ್ಟುಡಿಯೋ ಬರಲಿಲ್ಲ.

ಪೋಸ್ಟ್ ಆಫೀಸಿನಲ್ಲಿ 500 ರೂಪಾಯಿ ಕಟ್ಟಿ

1991ರ ಜನವರಿಯ ಕೊಲ್ಲಿ ಯುದ್ಧವನ್ನು ದೊಡ್ಡ ಊರಿನ ಹೋಟೆಲುಗಳಲ್ಲಿ ಜನ ಸಿಎನ್‌ಎನ್‌ನಲ್ಲಿ ನೇರವಾಗಿ ನೋಡಿದರು. ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಸ್ಟಾರ್ ಬಂತು. 1992ರ ಅಕ್ಟೋಬರ್ 2ರಂದು ಜೀ, 1993ರಲ್ಲಿ ಸನ್ ಮತ್ತು ಏಷ್ಯಾನೆಟ್, 1994ರ ಜೂನ್‌ನಲ್ಲಿ ಕನ್ನಡದ ಮೊದಲ ಖಾಸಗಿ ವಾಹಿನಿ ಉದಯ. ತಮಾಷೆ ಏನೆಂದರೆ ಭಾರತದ ನೆಲದಿಂದ ಉಪಗ್ರಹಕ್ಕೆ ಸಿಗ್ನಲ್ ಕಳಿಸಲು ಖಾಸಗಿಯವರಿಗೆ ಆಗ ಅನುಮತಿ ಇರಲಿಲ್ಲ. ಕಾರ್ಯಕ್ರಮದ ಟೇಪು ವಿಮಾನದಲ್ಲಿ ಹೊರದೇಶಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೇರಿ, ನಮ್ಮ ಮನೆಗೆ ಇಳಿಯುತ್ತಿತ್ತು. ಮೇಲಿನಿಂದ ಬೀಳುವುದನ್ನು ಹಿಡಿಯಲು ಮಾತ್ರ ಯಾರ ತಡೆಯೂ ಇರಲಿಲ್ಲ.

ಹಿಡಿದವರು ಕೇಬಲ್‌ನವರು. ದೇಶದಲ್ಲಿ ಖಾಸಗಿ ಟಿವಿ ಬೆಳೆದದ್ದು ಕಂಪನಿಗಳಿಂದ ಅಂತ ಬರೆಯುತ್ತಾರೆ. ಅರ್ಧ ನಿಜ. ಕಂಪನಿಗಳು ಆಕಾಶದವರೆಗೆ ತಲುಪಿಸಿದವು. ಅಲ್ಲಿಂದ ಮನೆಯ ಗೋಡೆವರೆಗೆ ತಂದದ್ದು ಸೈಕಲ್, ಏಣಿ, ವೈರಿನ ಸುರುಳಿ ಇಟ್ಟುಕೊಂಡ ಊರ ಹುಡುಗರು.

ಸರ್ಕಾರ ಎಚ್ಚೆತ್ತದ್ದು ತಡವಾಗಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳವೊಂದರಲ್ಲಿ, ತರಂಗಗಳು ಸಾರ್ವಜನಿಕರ ಆಸ್ತಿ, ಅವು ಸರ್ಕಾರದ ಸ್ವತ್ತಲ್ಲ ಎಂದು ಹೇಳಿತು. ಅದೇ ವರ್ಷ ಕೇಬಲ್ ಕಾಯ್ದೆ ಬಂತು. ಆಪರೇಟರ್ ಆಗಲು ಆಗ ಪ್ರಧಾನ ಅಂಚೆ ಕಚೇರಿಗೆ ಹೋಗಿ ಫಾರಂ ತುಂಬಿ 500 ರೂಪಾಯಿ ಕಟ್ಟಬೇಕಿತ್ತು. ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯವಾಗಿ ತೋರಿಸಬೇಕು. ದೂರದರ್ಶನ ಸ್ವತಃ ಪ್ರಸಾರ ಭಾರತಿ ಎನ್ನುವ ಸ್ವಾಯತ್ತ ಸಂಸ್ಥೆಯ ಕೈಗೆ ಹೋದದ್ದು 1997ರಲ್ಲಿ. ಅದಕ್ಕೆ ಬೇಕಾದ ಕಾನೂನು 1990ರಲ್ಲೇ ಪಾಸಾಗಿ ಏಳು ವರ್ಷ ಸುಮ್ನೆ ಬಿದ್ದಿತ್ತು.

ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಪಟ್ಟಣ. ಒಂದು ಕಿಲೋಮೀಟರ್ ವೈರಿಗೆ ಎರಡೂ ಬದಿ ಸಾಲು ಮನೆ. ಕೊಡಗಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ಚಿಲ್ಲರೆ, ಚದರ ಕಿಲೋಮೀಟರಿಗೆ 135 ಜನ. ಅವರೂ ಒಟ್ಟಿಗೆ ಇಲ್ಲ. ತೋಟದ ಮಧ್ಯೆ ಒಂದು ಮನೆ, ಗದ್ದೆ ದಾಟಿ ಇನ್ನೊಂದು, ಆಚೆ ತೋಟದ ಕಾರ್ಮಿಕರ ಲೈನ್‌ಮನೆ. ಒಂದು ಮನೆಗೆ ಕೇಬಲ್ ಕೊಡಲು ಅರ್ಧ ಕಿಲೋಮೀಟರ್ ವೈರ್. ಕಂಬ ಎಲ್ಲಿಂದ ತರುವುದು? ನೆರಳಿಗೆ ಹಾಕಿದ ಸಿಲ್ವರ್ ಓಕ್‌ಗಳು ಸಾಲಾಗಿ ನಿಂತಿದ್ದವಲ್ಲ, ಅವೇ ಕಂಬ. ಮರದಿಂದ ಮರಕ್ಕೆ, ಕರಿಮೆಣಸಿನ ಬಳ್ಳಿಯ ಮೇಲಿಂದ. ತೋಟದ ಮಾಲೀಕರ ಒಪ್ಪಿಗೆಗೆ ಪ್ರತಿಯಾಗಿ ಅವರ ಮನೆಗೆ ಕನೆಕ್ಷನ್ ಫ್ರೀ.

ಕೆಲವು ನೂರು ಮೀಟರಿಗೊಂದು ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟ್ ಬೇಕು. ಮಧ್ಯದ ಒಂದು ಆಂಪ್ಲಿಫೈಯರ್‌ಗೆ ಕರೆಂಟ್ ಹೋದರೆ ಮುಂದಿನ ಅಷ್ಟೂ ಮನೆ ಕತ್ತಲು. ಮಳೆಗಾಲದಲ್ಲಿ ಒಂದು ಕೊಂಬೆ ಬಿದ್ದರೆ ಸಾಕು. ಸಿಡಿಲಿಗೆ ಪೆಟ್ಟಿಗೆಗಳು ಸುಟ್ಟು ಹೋಗುವುದು ಬೇರೆ. ಇದೆಲ್ಲದರ ಮಧ್ಯೆ ಒಂದು ಸಮಾಧಾನ ಇತ್ತು. ಆಪರೇಟರ್ ಮನೆಯ ಅಂಗಳದ ದೊಡ್ಡ ಡಿಶ್ ಹಿಡಿಯುತ್ತಿದ್ದದ್ದು ಸಿ-ಬ್ಯಾಂಡ್. ಅದರ ತರಂಗ ಏಳೆಂಟು ಸೆಂಟಿಮೀಟರ್ ಉದ್ದದ್ದು, ಎಂಥ ಮಳೆಯನ್ನೂ ಹೆಚ್ಚು ಲೆಕ್ಕಿಸುವುದಿಲ್ಲ. ಹಾಗಾಗಿ ವೈರ್ ತುಂಡಾಗದೆ ಉಳಿದ ಮನೆಗಳಿಗೆ ಜುಲೈನ ಜಡಿಮಳೆಯಲ್ಲೂ ಚಿತ್ರ ಸರಿಯಾಗಿ ಬರುತ್ತಿತ್ತು.

ಕಾಫಿ ರೇಟು, ಇಂಚು ಮಳೆ, ನಿಧನ ವಾರ್ತೆ

ಲೋಕಲ್ ಚಾನೆಲ್ ಶುರುವಾದದ್ದು ಯಾವ ಯೋಜನೆಯೂ ಇಲ್ಲದೆ. ಒಂದು ಚಾನೆಲ್ ಜಾಗ ಖಾಲಿ ಇತ್ತು, ವಿಡಿಯೋ ಕ್ಯಾಸೆಟ್ ಹಾಕುವ ಒಂದು ವಿಸಿಪಿ ಇತ್ತು. ರಾತ್ರಿ ಸಿನಿಮಾ ಹಾಕುತ್ತಿದ್ದರು. ಆಮೇಲೆ ಯಾರೋ ಊರಿನ ಪುತ್ತರಿ ಕೋಲಾಟದ ವಿಡಿಯೋ ತಂದು ಕೊಟ್ಟರು, ಹಾಕಿ ಅಂತ. ಮರುದಿನ ಪೇಟೆಯಲ್ಲಿ ಅದೇ ಮಾತು. ಇನ್ನೊಮ್ಮೆ ಹಾಕಿ, ನಾನು ಕಾಣಲೇ ಇಲ್ಲ, ಕ್ಯಾಮೆರಾದವನು ಒಂದೇ ಕಡೆ ತೋರಿಸಿದ್ದಾನೆ, ಅಂತೆಲ್ಲ ದೂರು. ದೂರು ಬಂತೆಂದರೆ ಜನ ನೋಡುತ್ತಿದ್ದಾರೆ ಅಂತಲೇ ಅರ್ಥ ಅಲ್ವಾ?

ನಿಧಾನಕ್ಕೆ ಅದಕ್ಕೊಂದು ರೂಪ ಬಂತು. ಸಂಜೆ ಅರ್ಧ ಗಂಟೆ ಸುದ್ದಿ. ಪರದೆಯ ಕೆಳಗೆ ಓಡುವ ಪಟ್ಟಿ. ಜನ ಟಿವಿ ಹಾಕುತ್ತಿದ್ದದ್ದು ಆ ಪಟ್ಟಿಗೇ ಅಂದರೂ ತಪ್ಪಲ್ಲ. ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ರೋಬಸ್ಟಾ ಚೆರಿ ಇಷ್ಟು, ಕರಿಮೆಣಸು ಕೆಜಿಗೆ ಇಷ್ಟು. ಭಾಗಮಂಡಲದಲ್ಲಿ ಎಷ್ಟು ಇಂಚು, ಶಾಂತಳ್ಳಿಯಲ್ಲಿ ಎಷ್ಟು ಇಂಚು. ಇಲ್ಲಿಯವರು ಮಳೆಯನ್ನು ಇಂಚು, ಸೆಂಟ್‌ನಲ್ಲೇ (ಇಂಚಿನ ನೂರನೇ ಒಂದು ಪಾಲು) ಅಳೆಯುವುದು. ಮಿಲಿಮೀಟರ್ ಅಂದರೆ ಯಾರಿಗೂ ಮಳೆ ಕಣ್ಣ ಮುಂದೆ ಬರುವುದಿಲ್ಲ. ಆಮೇಲೆ ನಿಧನ ವಾರ್ತೆ, ಮಣ್ಣು ಎಷ್ಟು ಹೊತ್ತಿಗೆ ಎನ್ನುವುದು. ಕಾಡಾನೆ ಯಾವ ತೋಟದಲ್ಲಿ ಬೀಡುಬಿಟ್ಟಿದೆ ಎನ್ನುವುದು. ಕಡೆಯದು ಕಾರ್ಮಿಕರ ಜೀವ ಉಳಿಸುವ ಸುದ್ದಿ, ಹಾಗಾಗಿ ತೋಟದ ಗುಮಾಸ್ತರಾದ ರೈಟರ್‌ಗಳು ಬೆಳಗಿನ ಕೆಲಸ ಹಂಚುವ ಮೊದಲು ನೋಡುತ್ತಿದ್ದರು.

ಜಿಲ್ಲೆಗೆ ಇಂಥ ಸುದ್ದಿಯ ಅಭ್ಯಾಸ ಹೊಸದಲ್ಲ. 1957ರಿಂದ ಮಡಿಕೇರಿಯ ಶಕ್ತಿ ದಿನಪತ್ರಿಕೆ ಇದೇ ಕೆಲಸ ಮಾಡುತ್ತಿದೆ. ಕೊಡಗು 1956ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. ತನ್ನದೇ ಸುದ್ದಿ ತನಗೆ ಬೇಕು ಎನ್ನುವ ಹಟ ಅಲ್ಲಿಂದಲೇ ಬಂದಿರಬಹುದು ಅನ್ನುವುದು ನನ್ನ ಊಹೆ.

ಹಾಗಾದರೆ ಈ ಕೆಲಸವನ್ನು ದೊಡ್ಡ ಖಾಸಗಿ ವಾಹಿನಿಗಳು ಏಕೆ ಮಾಡಲಿಲ್ಲ? 2000ದಲ್ಲಿ ಈಟಿವಿ ಕನ್ನಡ ಬಂತು, 2006ರ ಸುಮಾರಿಗೆ ಜೀ ಕನ್ನಡ ಮತ್ತು ಟಿವಿ9, ಮರುವರ್ಷ ಸುವರ್ಣ ಮತ್ತು ಕಸ್ತೂರಿ, 2012ರಲ್ಲಿ ಪಬ್ಲಿಕ್ ಟಿವಿ. ಚಾನೆಲ್‌ಗೇನೂ ಕೊರತೆ ಇರಲಿಲ್ಲ. ಆದರೆ ಉಪಗ್ರಹ ಚಾನೆಲ್ ಒಂದೇ ಚಿತ್ರವನ್ನು ಬೀದರ್‌ನಿಂದ ಚಾಮರಾಜನಗರದವರೆಗೆ ಬೀಳಿಸುತ್ತದೆ. ಜಾಹೀರಾತಿನ ದರ ನಿಂತಿರುವುದು ಎಷ್ಟು ಜನ ನೋಡಿದರು ಎನ್ನುವುದರ ಮೇಲೆ. ಕೊಡಗು ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದೂ ಇಲ್ಲ. ಉಳಿದ ತೊಂಬತ್ತೊಂಬತ್ತಕ್ಕೂ ರುಚಿಸುವ ಹಾಗಿದ್ದರೆ ಮಾತ್ರ ಕೊಡಗಿನ ಸುದ್ದಿ ಬರುತ್ತದೆ. ಆನೆ ರುಚಿಸುತ್ತದೆ, ಪ್ರವಾಸ ರುಚಿಸುತ್ತದೆ, ಕರಿಮೆಣಸಿನ ರೇಟು ರುಚಿಸುವುದಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ, ಲೆಕ್ಕವೇ ಹಾಗೆ.

ಆ ಲೆಕ್ಕಕ್ಕೆ ಕಟ್ಟುಬೀಳದೆ ಇರಬೇಕಾದವರು ಸಾರ್ವಜನಿಕ ಪ್ರಸಾರದವರು. ಚಂದನ ವಾಹಿನಿ ಮೈಸೂರು ದಸರಾ ತೋರಿಸುತ್ತದೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವವನ್ನೂ ನೇರ ತೋರಿಸಿದ್ದಿದೆ. ಒಳ್ಳೆಯದು. ಆದರೆ ಅದು ವರ್ಷಕ್ಕೊಮ್ಮೆಯ ಮಾತು. ದೂರದರ್ಶನಕ್ಕೆ ನನ್ನ ದೊಡ್ಡ ತಕರಾರು ಇದೇ. ಜಾಹೀರಾತಿನ ಹಂಗು ಕಡಿಮೆ ಇದ್ದವರೇ ಸಣ್ಣ ಜಿಲ್ಲೆಗಳನ್ನು ಕೈಬಿಟ್ಟರು.

2018ರ ಆಗಸ್ಟ್

ಆ ತಿಂಗಳ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ರಸ್ತೆ ಹೋಯಿತು, ಕರೆಂಟ್ ಹೋಯಿತು, ಮೊಬೈಲ್ ಟವರ್‌ಗಳ ಬ್ಯಾಟರಿ ಮುಗಿಯಿತು. ನಮ್ಮ ಆಪರೇಟರ್‌ನ ವೈರುಗಳು ಸಿಲ್ವರ್ ಓಕ್ ಸಮೇತ ಕೆಳಗೆ ಹೋದವು. ಜಿಲ್ಲೆಯವರಿಗೇ ಜಿಲ್ಲೆಯ ಟಿವಿ ಇಲ್ಲದ ಆ ದಿನಗಳಲ್ಲಿ ರಾಜ್ಯದ ಸುದ್ದಿ ವಾಹಿನಿಗಳ ವ್ಯಾನುಗಳು ಬಂದವು. ಮಡಿಕೇರಿಯಲ್ಲಿ ಮನೆಯೊಂದು ಇಡಿಯಾಗಿ ಜಾರಿ ಬೀಳುವ ದೃಶ್ಯ ದಿನವಿಡೀ ಮತ್ತೆ ಮತ್ತೆ ಓಡಿತು. ನೆರವು ಹರಿದು ಬಂದದ್ದರಲ್ಲಿ ಆ ಪ್ರಸಾರದ ಪಾಲು ದೊಡ್ಡದು, ಅದನ್ನು ಒಪ್ಪಲೇಬೇಕು. ಆದರೆ ಯಾವ ಊರು ಹೋಗಿದೆ, ಯಾವುದು ಉಳಿದಿದೆ ಎನ್ನುವ ವಿವರ ಆ ಚಿತ್ರಗಳಲ್ಲಿ ಇರಲಿಲ್ಲ. ಹೊರಗಿನವರ ಕಣ್ಣಿಗೆ ಇಡೀ ಕೊಡಗೇ ಜಾರಿತ್ತು. ದಕ್ಷಿಣ ಕೊಡಗಿನ, ಮಣ್ಣು ಅಲುಗದ ಊರುಗಳ ಹೋಂಸ್ಟೇಗಳೂ ತಿಂಗಳುಗಟ್ಟಲೆ ಖಾಲಿ ಹೊಡೆದವು.

ಲೋಕಲ್ ಚಾನೆಲ್‌ನ ಇಬ್ಬರು ಹುಡುಗರು ಆ ಹೊತ್ತು ಬೈಕಿನಲ್ಲಿ, ಬೈಕು ಹೋಗದ ಕಡೆ ನಡೆದು, ಊರೂರಿನ ಹೆಸರು ಹೇಳಿ ವಿಡಿಯೋ ಮಾಡಿದರು. ತೋರಿಸಲು ಕೇಬಲ್ ಇರಲಿಲ್ಲ. ಸಿಗ್ನಲ್ ಸಿಕ್ಕ ಕಡೆ ನಿಂತು ಫೇಸ್‌ಬುಕ್, ವಾಟ್ಸಾಪ್‌ಗೆ ಹಾಕಿದರು. ಬೆಂಗಳೂರು, ದುಬೈನಲ್ಲಿದ್ದ ಮಕ್ಕಳು ತಮ್ಮ ಮನೆಯ ಏರು ಉಳಿದಿದೆಯೋ ಇಲ್ಲವೋ ಎಂದು ತಿಳಿದುಕೊಂಡದ್ದು ಆ ಮೊಬೈಲ್ ವಿಡಿಯೋಗಳಿಂದ. ಕೇಬಲ್ ಇಲ್ಲದೆಯೂ ಚಾನೆಲ್ ನಡೆಯುತ್ತದೆ ಎಂದು ಆಪರೇಟರ್‌ಗೆ ಗೊತ್ತಾಗಿದ್ದು ಆಗಲೇ. ಖುಷಿಯ ಸುದ್ದಿಯೇನಲ್ಲ, ಅವರ ದುಡಿಮೆ ಇದ್ದದ್ದು ಕೇಬಲ್‌ನಲ್ಲಿ.

ಡಬ್ಬ ಬಂದ ಮೇಲೆ

ಇದಕ್ಕೂ ಒಂದು ವರ್ಷ ಮೊದಲೇ, 2017ರ ಮಾರ್ಚ್ ಕೊನೆಗೆ, ದೇಶದ ಹಳ್ಳಿಗಳ ಕೇಬಲ್ ಕೂಡ ಡಿಜಿಟಲ್ ಆಗಬೇಕು ಎನ್ನುವ ಗಡುವು ಮುಗಿದಿತ್ತು. ಎಲ್ಲ ಚಾನೆಲ್‌ಗಳನ್ನು ಹಿಡಿದು ಜಾಲಕ್ಕೆ ಬಿಡುವ ಡಿಜಿಟಲ್ ಹೆಡ್‌ಎಂಡ್ ಹಾಕುವುದು ಹೋಬಳಿ ಪೇಟೆಯವರ ಕೈಲಾಗುವ ಕೆಲಸವಲ್ಲ. ಸಣ್ಣ ಆಪರೇಟರ್‌ಗಳಿಗೆ ಸಿಗ್ನಲ್ ಕೊಡುವ ದೊಡ್ಡ ಎಂಎಸ್‌ಒ ಕಂಪನಿಯೊಂದರಿಂದ ಫೈಬರ್‌ನಲ್ಲಿ ಸಿಗ್ನಲ್ ತೆಗೆದುಕೊಳ್ಳಬೇಕು. ಅಂಗಳದ ಡಿಶ್ ತುಕ್ಕು ಹಿಡಿಯಿತು. ಆಪರೇಟರ್ ಈಗ ವಸೂಲಿ ಮತ್ತು ರಿಪೇರಿ ಮಾಡುವವರು. ಲೋಕಲ್ ಚಾನೆಲ್ ಕೂಡ ಜಿಲ್ಲೆಯ ಹೊರಗಿನ ಹೆಡ್‌ಎಂಡ್‌ಗೆ ಹೋಗಿ, ಎನ್‌ಕೋಡ್ ಆಗಿ, ವಾಪಸ್ ಬರಬೇಕು. ಪೇಟೆಯ ಬಸ್ ಸ್ಟ್ಯಾಂಡಿನ ಚಿತ್ರ ಘಟ್ಟ ಇಳಿದು ಮತ್ತೆ ಘಟ್ಟ ಹತ್ತಿ ಅದೇ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯ ಟಿವಿಗೆ ಬರುತ್ತಿತ್ತು.

2019ರ ಫೆಬ್ರವರಿಯಲ್ಲಿ ಕೇಬಲ್ ದರ ನಿಯಂತ್ರಿಸುವ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. ನೂರು ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಬೇಕಾದ ಚಾನೆಲ್‌ಗೆ ಬೇರೆ ಬೇರೆ ರೇಟು. ಗ್ರಾಹಕರಿಗೆ ಆಯ್ಕೆ ಅಂತ ಮಾಡಿದ್ದು. ಪೇಟೆಯಲ್ಲಿ ಆದದ್ದು ತಿಂಗಳುಗಟ್ಟಲೆ ಜಗಳ. ಕೆಲವರು ಅಲ್ಲಿಗೇ ಸೆಟ್-ಟಾಪ್ ಡಬ್ಬ ವಾಪಸ್ ಕೊಟ್ಟರು.

ತೋಟದ ಮನೆಗಳು ಅದಕ್ಕೂ ಮೊದಲೇ ಡಿಟಿಎಚ್‌ಗೆ ಹೋಗಿದ್ದವು. ಅರ್ಧ ಕಿಲೋಮೀಟರ್ ವೈರಿನ ಸಮಸ್ಯೆಗೆ ಅದು ನಿಜವಾದ ಉತ್ತರ. ಗುಡ್ಡದ ಮರೆಯೂ ಹೋಯಿತು, ಆಕಾಶ ಕಂಡರೆ ಸಾಕು. ಒಂದೇ ಕೊರತೆ, ಡಿಟಿಎಚ್ ಬಳಸುವ ಕೆಯು-ಬ್ಯಾಂಡ್‌ನ ತರಂಗ ಎರಡೂವರೆ ಸೆಂಟಿಮೀಟರ್ ಉದ್ದದ್ದು, ದಪ್ಪ ಹನಿಯ ಮಳೆ ಅದನ್ನು ನುಂಗುತ್ತದೆ. ಜುಲೈನಲ್ಲಿ ಸಂಜೆ ಹೊತ್ತು ಸಿಗ್ನಲ್ ಇಲ್ಲ ಎನ್ನುವ ನೀಲಿ ಪರದೆ ನೋಡುವುದು ಇಲ್ಲಿ ಮಾಮೂಲು.

ಲೈನ್‌ಮನೆಗಳ ಮೇಲೆ ಕಾಣುವ ಡಿಶ್ ಜಾಸ್ತಿ ದೂರದರ್ಶನದ ಫ್ರೀ ಡಿಶ್‌ನದು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತು. ಒಮ್ಮೆ ಡಿಶ್ ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ. ಸಾರ್ವಜನಿಕ ಪ್ರಸಾರ ಈ ದೇಶದಲ್ಲಿ ಗೆದ್ದ ಕೆಲಸ ಯಾವುದು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಆದರೆ ಅದರಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹೋಗುತ್ತದೆ. ಹಿಂದಿಯವರು ಹೆಚ್ಚು ಕೂಗುತ್ತಾರೆ, ಕನ್ನಡದ ದೊಡ್ಡ ವಾಹಿನಿಗಳು ಚಂದಾ ಹಣ ಬಿಟ್ಟು ಫ್ರೀಯಾಗಿ ಬರಲು ಒಲ್ಲವು. ಅಸ್ಸಾಂನಿಂದ ಕಾಫಿ ಕೊಯ್ಲಿಗೆ ಬಂದವರ ಮನೆಗೆ ಇದು ಅನುಕೂಲ. ಪಕ್ಕದ ಮನೆಯ ಕನ್ನಡದವರಿಗೆ ಉಳಿಯುವುದು ಬಹುಮಟ್ಟಿಗೆ ಚಂದನ. ಇತ್ತ ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳಿಗೆ, ಆಯಕಟ್ಟಿನ ಜಾಗದ ಐವತ್ತರಷ್ಟನ್ನು ಬಿಟ್ಟು, 2022ರ ಮಾರ್ಚ್ ಒಳಗೆ ಬಾಗಿಲು ಹಾಕುವುದಾಗಿ ಪ್ರಸಾರ ಭಾರತಿ ಹೇಳಿತು. ಆಂಟೆನಾದ ಪೈಪುಗಳು ಈಗ ಬಟ್ಟೆ ಒಣಗಿಸಲು ಉಪಯೋಗ.

ಈಗಿನ ತೊಡಕು

2022ರ ನವೆಂಬರ್ ಕೊನೆಗೆ ಕೇಂದ್ರದ ವಾರ್ತಾ ಇಲಾಖೆ ಲೋಕಲ್ ಚಾನೆಲ್‌ಗಳಿಗೆ ಮಾರ್ಗಸೂಚಿ ತಂದಿತು. ಅದರ ಪ್ರಕಾರ ಇವು ಎಂಎಸ್‌ಒಗಳ ಪ್ಲಾಟ್‌ಫಾರ್ಮ್ ಸರ್ವಿಸ್, ಅಂದರೆ ಎಂಎಸ್‌ಒ ತನ್ನ ಜಾಲದಲ್ಲಿ ತಾನೇ ನಡೆಸುವ ಚಾನೆಲ್. ಚಾನೆಲ್ ಒಂದಕ್ಕೆ ಸಾವಿರ ರೂಪಾಯಿ ಕಟ್ಟಿ ಆನ್‌ಲೈನ್ ನೋಂದಣಿ. ತೋರಿಸಿದ್ದನ್ನು 90 ದಿನ ಇಟ್ಟುಕೊಳ್ಳಬೇಕು. ಒಬ್ಬರ ಕಾರ್ಯಕ್ರಮ ಇನ್ನೊಬ್ಬರ ಜಾಲದಲ್ಲಿ ಬರಬಾರದು. ಇಂಥ ಚಾನೆಲ್‌ಗಳು ಒಟ್ಟು ಸಾಮರ್ಥ್ಯದ ನೂರಕ್ಕೆ ಐದನ್ನು ಮೀರಬಾರದು, ಅದರ ಹೊರತಾಗಿ ಜಿಲ್ಲಾ ಮಟ್ಟದಲ್ಲಿ ಎರಡು ಚಾನೆಲ್‌ಗೆ ಅವಕಾಶ. ಸ್ಥಳೀಯ ಸುದ್ದಿ ಕೊಡಬೇಕಾದರೆ ಮಾತ್ರ ಕಂಪನಿಯಾಗಿ ನೋಂದಣಿ ಆಗಿರಲೇಬೇಕು.

ಜಿಲ್ಲೆಗೆ ಎರಡು ಎನ್ನುವ ಸಾಲು ಓದಿದಾಗ ಯಾರೋ ಕೊನೆಗೂ ನಮ್ಮನ್ನು ಲೆಕ್ಕಕ್ಕೆ ಹಿಡಿದರು ಅನ್ನಿಸಿತು. ಆದರೆ ಆ ಅವಕಾಶ ಸಿಕ್ಕಿದ್ದು ಎಂಎಸ್‌ಒಗೆ. ಮೂವತ್ತು ವರ್ಷ ಚಾನೆಲ್ ನಡೆಸಿದವರಿಗೆ ನೇರವಾಗಿ ಏನೂ ಇಲ್ಲ. ಇವರದು ಒಬ್ಬರ ಹೆಸರಿನ ಧಂದೆ. ಎಂಎಸ್‌ಒ ತನ್ನ ಹೆಸರಿನಲ್ಲಿ ನೋಂದಾಯಿಸಿದರೆ ಚಾನೆಲ್ ಕಾನೂನಿನಲ್ಲಿ ಆ ಕಂಪನಿಯದಾಗುತ್ತದೆ. ಪಕ್ಕದ ಜಾಲದವರ ಜೊತೆ ಕ್ರೀಡಾಕೂಟದ ಪ್ರಸಾರ ಹಂಚಿಕೊಳ್ಳುವ ಹಳೆಯ ಪದ್ಧತಿಗೂ ಕತ್ತರಿ. ಒಂದೊಂದು ಜಾಲವೂ ಸಣ್ಣದಾಗಿರುವ ಕೊಡಗಿನಂಥ ಕಡೆ ಹಂಚಿಕೊಳ್ಳದೆ ಖರ್ಚು ಹುಟ್ಟುವುದು ಕಷ್ಟ.

ಆಪರೇಟರ್ ಸದ್ಯಕ್ಕೆ ಮಾಡಿರುವುದು ಇಷ್ಟು. ಸುದ್ದಿಯನ್ನು ಕೇಬಲ್‌ನಿಂದ ತೆಗೆದು ಯೂಟ್ಯೂಬ್‌ಗೆ ಹಾಕಿದ್ದಾರೆ. ಅಲ್ಲಿ ಸುದ್ದಿ ಕೊಡುವವರಿಗೆ 2021ರ ಐಟಿ ನಿಯಮಗಳು ಅನ್ವಯಿಸುತ್ತವೆ, ಆದರೆ ಕಂಪನಿ ಮಾಡಬೇಕು ಎನ್ನುವ ಷರತ್ತು ಇಲ್ಲ. ಕೇಬಲ್‌ನಲ್ಲಿ ಹಬ್ಬ, ಆಟ, ಊರಿನ ಕಾರ್ಯಕ್ರಮ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಗಿನ್ನೆಸ್ ದಾಖಲೆಯ ಮಟ್ಟಕ್ಕೆ ಹೋಯಿತು. ಅಂಥ ಪಂದ್ಯಗಳನ್ನು ಈಗ ಜನ ಮೊಬೈಲ್‌ನಲ್ಲೇ ನೇರ ನೋಡುತ್ತಾರೆ. ನೋಡುವವರಲ್ಲಿ ಜಿಲ್ಲೆಯ ಹೊರಗಿನವರೇ ಜಾಸ್ತಿ ಎಂದು ಇವರು ಹೇಳುತ್ತಾರೆ. ಜಾಹೀರಾತು ಕೊಡುವ ಪೇಟೆಯ ಬಟ್ಟೆ ಅಂಗಡಿಯವರಿಗೆ ದುಬೈನ ವೀಕ್ಷಕರಿಂದ ಲಾಭ ಇಲ್ಲ, ಅದೇ ಈಗಿನ ತಲೆನೋವು.

ಮನೆ ಖರ್ಚು ನಡೆಯುತ್ತಿರುವುದು ಅದೇ ಹಳೆಯ ದಾರಿಯಲ್ಲಿ ಎಳೆದ ಫೈಬರ್ ಇಂಟರ್ನೆಟ್‌ನಿಂದ. ಓಡುವ ಪಟ್ಟಿ ಮಾತ್ರ ಕೇಬಲ್‌ನಲ್ಲೇ ಉಳಿದಿದೆ. ಕಾಫಿ ರೇಟು ಸುದ್ದಿಯೋ ಅಲ್ಲವೋ ಎಂದು ಅವರು ಎಂಎಸ್‌ಒ ಕಚೇರಿಗೆ ಕೇಳಿ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.